ಭಾವನ ಮುಂದೆ ಕೂತೆ

ಹುಣಸೂರು ಕಡೆಯ ನಮ್ಮೂರಲ್ಲಿ ಗಂಡನ ಅಣ್ಣನ ಎದುರಿಗೆ ಹೆಂಗಸರು ಕುರ್ಚಿಯ ಮೇಲೆ ಕೂರುವುದಿಲ್ಲ. ಅವರು ಬಂದರೆ ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲ ಪಕ್ಕ ನಿಲ್ಲಬೇಕು. ಈ ಮರ್ಯಾದೆಯನ್ನು ನಂಬಿಕೊಂಡೇ ನಮ್ಮ ಭಾವ ನನ್ನನ್ನು ಗ್ರಾಮ ಪಂಚಾಯಿತಿಗೆ ನಿಲ್ಲಿಸಿದ್ದು. ಸೀಟು ಮಹಿಳೆಗೆ ಮೀಸಲಾಗಿತ್ತು. ತಮ್ಮನ ಹೆಂಡತಿ ಗೆಲ್ಲಲಿ, ಆಳುವುದು ತಾನು ಅಂತ ಅವರ ಲೆಕ್ಕ. ನನ್ನ ಗಂಡ ಅಣ್ಣ ಹಾಕಿದ ಗೆರೆ ದಾಟುವವರಲ್ಲ.

ಗೆದ್ದೆ. ಮೊದಲ ಸಭೆಗೆ ಭಾವನೂ ಬಂದರು. ನಾನು ಎದ್ದೆ, ನನ್ನ ಕುರ್ಚಿಯಲ್ಲಿ ಅವರು ಕೂತರು. ಎಷ್ಟು ಸಲೀಸು ನೋಡಿ. ಕೆಳಗಲಕೇರಿಯ ಹೆಂಗಸರು ನೀರು ಬರುತ್ತದೆಂದು ನನಗೆ ಓಟು ಹಾಕಿದ್ದರು. ಕೇರಿಗೆ ಬರಬೇಕಾದ ನೀರಿನ ಪೈಪು ಭಾವನ ಹೊಲದ ಕಡೆ ತಿರುಗಿದ್ದು ನನ್ನ ಕಣ್ಣೆದುರಿಗೇ. ಬಾಯಿ ತೆರೆದರೆ, "ನೀನು ಸುಮ್ಕಿರವ್ವ, ನಾನ್ ಮಾತಾಡ್ತೀನಿ" ಅಂದರು.

ಅದು ಹೊಗೆಸೊಪ್ಪು ಮುರಿಯುವ ಕಾಲ. ಎಲೆ ಹದಮಾಡುವ ಬ್ಯಾರನ್ ಮುಂದಿನ ಚಪ್ಪರದಲ್ಲಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆ. ಭಾವ ಎದುರಿಗೇ ಕೂತು ಎಲೆ ಜೋಡಿಸಿ ಕೊಡುತ್ತಿದ್ದರು. ಅವರು ಎದ್ದು ಹೋಗಿ ಬಂದರೂ ನಾನು ಏಳುತ್ತಿರಲಿಲ್ಲ. ಎದ್ದರೆ ಕೆಲಸ ಕೆಡುತ್ತದಲ್ಲ. ಕೈಯೆಲ್ಲ ಅಂಟು, ಮೈಯೆಲ್ಲ ಉರಿ. ದುಡಿಯುವಾಗ ಕೂತರೆ ಹೋಗದ ಮರ್ಯಾದೆ ಕುರ್ಚಿಯಲ್ಲಿ ಕೂತರೆ ಹೋಗುತ್ತದೆಯೇ?

ಮುಂದಿನ ಸಭೆಗೆ ಭಾವ ಬಂದಾಗ ನಾನು ಏಳಲಿಲ್ಲ.

"ಯಾಕವ್ವ, ಕಾಲು ನೋವಾ?" ಅಂದರು.

"ಇಲ್ಲ ಭಾವ. ಬ್ಯಾರನ್ ತಾವ ನಿಮ್ ಮುಂದೇನೇ ಕೂತ್ಕಂಡು ಸೊಪ್ಪು ಕಟ್ತೀನಿ. ಆಗ ಎದ್ದೇಳು ಅನ್ನಲ್ಲ ನೀವು. ಇದೂ ಕೆಲ್ಸಾನೇ ಕಣ ಭಾವ. ನೀವು ಆಚೆ ಬೆಂಚಿನ್ ಮ್ಯಾಲೆ ಕೂತಿರಿ."

ಭಾವ ಹೊರಗೆ ಹೋದರು. ಪೈಪು ಕೇರಿಗೆ ಬಂತು.

ಮುಂದಿನ ಚುನಾವಣೆಗೆ ನಮ್ಮ ಸೀಟಿನ ಮೀಸಲಾತಿ ತೆಗೆದರು. "ನಿನ್ ಸರದಿ ಮುಗೀತು, ಮನೇಲಿರು" ಅಂತ ಹೇಳಿಕಳಿಸಿ ಭಾವನೇ ನಿಂತರು. ನಾನೂ ನಿಂತೆ. ಮನೆ ಒಡೆದವಳು ಅಂತ ಊರು ಆಡಿಕೊಂಡಿತು. ಆಡುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಗೆದ್ದು ಅಧ್ಯಕ್ಷೆಯಾದೆ. ಆಮೇಲೆ ತಾಲ್ಲೂಕು ಪಂಚಾಯಿತಿ. ವಿಧಾನಸಭೆಯ ಟಿಕೆಟ್ ಕೇಳಲು ಮೈಸೂರಿಗೆ ಹೋದಾಗ ದೊಡ್ಡ ಮುಖಂಡರೊಬ್ಬರು, "ನೀವು ಯಾರ ಕಡೆಯವರಮ್ಮ?" ಅಂದರು. "ಓಟು ಹಾಕೋರ ಕಡೆಯವಳು" ಅಂದೆ. ಒಂದು ಸಲ ಸೋತೆ, ಇನ್ನೊಂದು ಸಲ ಗೆದ್ದೆ.

ಶಾಸಕಿಯಾದ ದಿನ ಊರೆಲ್ಲ ಪಟಾಕಿ ಹೊಡೆಯಿತು, ಭಾವನ ಮನೆಯ ಬಾಗಿಲು ಮುಚ್ಚಿತ್ತು. ನಮ್ಮ ಮನೆಯಲ್ಲಿ ಅವರು ಒಂದು ಲೋಟ ನೀರು ಕುಡಿದು ವರ್ಷಗಳಾದವು. ನನಗೆ ಸಂಕಟವಾಗುತ್ತದೆ, ಅತ್ತದ್ದೂ ಉಂಟು. ಗಂಡ ಈಗಲೂ ಅನ್ನುತ್ತಾರೆ, "ಒಂದ್ಸಲ ಹೋಗಿ ತಪ್ಪಾಯ್ತು ಅಂದ್ಬುಡು, ಎಲ್ಲಾ ಸರಿಹೋಯ್ತದೆ."

ಪ್ರತಿ ಹಬ್ಬಕ್ಕೂ ನಾನೇ ಕರೆಯಲು ಹೋಗುತ್ತೇನೆ. ಊಟಕ್ಕೆ ಬನ್ನಿ ಭಾವ ಅನ್ನುತ್ತೇನೆ. ದೊಡ್ಡವರು, ಕಾಲಿಗೂ ಬೀಳುತ್ತೇನೆ. ತಪ್ಪಾಯ್ತು ಅಂತ ಮಾತ್ರ ಅನ್ನುವುದಿಲ್ಲ.