ತಂಡದಿಂದ ತೆಗೆದ ಓಟಾ ಸಾನ್

ನಮ್ಮ ಯಜಮಾನರು ಶ್ರೀಪತಿ, ಜಪಾನಿನ ಹಮಾಮತ್ಸುವಿನಲ್ಲಿ ಬೈಕ್ ಎಂಜಿನ್ ಕೆಲಸದಿಂದ ನಿವೃತ್ತರಾದ ಮೇಲೆ ಕಂಪ್ಯೂಟರ್ ಆಟದಲ್ಲಿ ಬೇಸ್‌ಬಾಲ್ ತಂಡ ಕಟ್ಟಿ ಆಡಿಸುತ್ತಿದ್ದರು. ಚೆಂಡು ಎಸೆಯಲು ಹಳೇ ಕಾಲದ ಪಿಚರ್. ಹೊಡೆದ ಚೆಂಡು ಹಿಡಿಯುವ ಫೀಲ್ಡರ್‌ಗೆ ಪಕ್ಕದ ಮನೆಯ ಗೆಳೆಯ ಓಟಾ ಸಾನ್ ಹೆಸರನ್ನೇ ಇಟ್ಟಿದ್ದರು. ಆ ಆಟಗಾರ ಕೈಗೆ ಬಂದ ಚೆಂಡು ಬಿಡುತ್ತಲೇ ಇದ್ದ. ದಿನವೂ ಟೀಗೆ ಬರುತ್ತಿದ್ದ ಗೆಳೆಯನನ್ನು ಒಂದು ದಿನ ಇವರು ಛೇಡಿಸಿದರು:

"ಏನ್ರೀ ಓಟಾ ಸಾನ್, ಇದು ಕೈಯೋ ಜರಡಿಯೋ? ನಿಮ್ಮನ್ನ ತೆಗೆದೇಬಿಟ್ಟೆ ನೋಡಿ!"

ಓಟಾ ಸಾನ್ ನಕ್ಕು, "ಸುಮಿಮಾಸೆನ್" ಎಂದು ಜಪಾನಿಯಲ್ಲಿ ಕ್ಷಮೆ ಕೇಳಿ, ತಲೆಬಾಗಿ ಹೋದರು. ತಮಾಷೆ ಅರ್ಥವಾಯಿತು ಎಂದೇ ಇವರು ತಿಳಿದರು. ಓಟಾ ಸಾನ್ ಮತ್ತೆ ಟೀಗೆ ಬರಲಿಲ್ಲ.

ಬೇರೆಯವನನ್ನು ಹಾಕಿದರೂ ಚೆಂಡು ಬೀಳುತ್ತಲೇ ಇತ್ತು. ಮಗಳು ಜಾಹ್ನವಿ ನೋಡಿ ನಕ್ಕಳು. "ಅಪ್ಪಾ, ಆ ಕಾಲದ ಪಿಚರ್ ಎಸೆತ ಸುಲಭ, ಅವನನ್ನ ಹಾಕಿದ್ರೆ ಎಲ್ಲಾ ಬಾಲೂ ಹೊಡೀತಾರೆ. ಫೀಲ್ಡರ್‌ಗೆ ಕೆಲಸ ಜಾಸ್ತಿ, ಎರರ್ರೂ ಜಾಸ್ತಿ. ಪಾಪ, ಅವನದೇನು ತಪ್ಪು?"

ಇವರು ಪಕ್ಕದ ಮನೆಗೆ ಓಡಿದರು. ಬೀಗ. ಕೋಬೆ ಊರಿನ ಮಗನ ಮನೆಗೆ ಹೋದ ಓಟಾ ಸಾನ್ ಅಲ್ಲೇ ತೀರಿಕೊಂಡರೆಂದು ಎದುರು ಮನೆಯವರು ಹೇಳಿದರು.

ಆಮೇಲೆ ಆ ಹೆಸರನ್ನು ತಂಡಕ್ಕೆ ಮತ್ತೆ ಸೇರಿಸಿದರು. ತಾವು ಬದುಕಿದ್ದಷ್ಟು ದಿನವೂ, ಚೆಂಡು ಬಿದ್ದಾಗಲೆಲ್ಲ ಇವರೇ ಪರದೆಗೆ ತಲೆಬಾಗಿ "ಸುಮಿಮಾಸೆನ್" ಎನ್ನುತ್ತಿದ್ದರು.