ಬಂದರಿಗೊಂದು ಟೈಮ್‌ಟೇಬಲ್ಲು

ಸುಮ್ಮನೆ ಕೂತವರನ್ನು ಕಂಡರೆ ನನಗಾಗುವುದಿಲ್ಲ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿ ಭಾಗ್ಯ ಮದುವೆಯಾದ ಹೊಸದರಲ್ಲೇ ಕಂಡುಹಿಡಿದಳು. ನಾನು ಇದುವರೆಗೂ ಒಪ್ಪಿಕೊಂಡಿಲ್ಲ. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಭೂಗೋಳ ಪಾಠ ಹೇಳುತ್ತಿದ್ದಷ್ಟು ಕಾಲವೂ ಶಾಲೆಯ ಟೈಮ್‌ಟೇಬಲ್ ಹಾಕುವ ಕೆಲಸ ನನ್ನದೇ. ಯಾವ ಮೇಷ್ಟ್ರಿಗೂ ಎರಡು ಫ್ರೀ ಪೀರಿಯಡ್ ಒಟ್ಟಿಗೆ ಸಿಗದಂತೆ ಹೆಣೆಯುವುದರಲ್ಲಿ ನನ್ನದು ಎತ್ತಿದ ಕೈ. ಡ್ರಿಲ್ ಮೇಷ್ಟ್ರು ಹೊಂಗೆ ಮರದ ನೆರಳಿಗೆ ಕುರ್ಚಿ ಹಾಕಿಕೊಂಡದ್ದು ಕಣ್ಣಿಗೆ ಬಿದ್ದರೆ ಸೋಮವಾರದಿಂದಲೇ ಅವರಿಗೊಂದು ನೀತಿಬೋಧೆಯ ಕ್ಲಾಸು ಬೀಳುತ್ತಿತ್ತು. ನಾನು ನಿವೃತ್ತನಾದ ದಿನ ಸಹೋದ್ಯೋಗಿಗಳೆಲ್ಲ ಹಾರ ಹಾಕಿ, ಬಹಳ ಖುಷಿಯಿಂದ ಕಳಿಸಿಕೊಟ್ಟರು. ಅಷ್ಟೊಂದು ಖುಷಿ ಯಾಕೆಂದು ಆಗ ನಾನು ಯೋಚಿಸಲಿಲ್ಲ.

ಈಗ ಮಂಡ್ಯದಲ್ಲಿದ್ದೇವೆ. ಬೆಳಿಗ್ಗೆ ಮೈದಾನಕ್ಕೆ ವಾಕಿಂಗಿಗೆ ಹೋಗುತ್ತೇನೆ. ನಮ್ಮ ವಾಕಿಂಗಿನಲ್ಲಿ ನಡೆಯುವುದಕ್ಕಿಂತ ನಿಂತು ಮಾತಾಡುವುದೇ ಹೆಚ್ಚು. ಮೊದಲೆಲ್ಲ ಮಂಡಿನೋವು, ಸಕ್ಕರೆ ಕಾಯಿಲೆ, ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎನ್ನುವುದು ಮಾತಾಗಿತ್ತು. ಎರಡು ವರ್ಷದಿಂದ ಕ್ರೂಸು ಬಂದಿದೆ. ಹನಕೆರೆಯವರೊಬ್ಬರು ಸಿಂಗಪುರದಿಂದ ಹಡಗು ಹತ್ತಿ ಬಂದದ್ದೇ ಬಂದದ್ದು, ಮೈದಾನದ ಗಾಳಿಯೇ ಬದಲಾಯಿತು. ಅವರು ಈಗ ಎಡಗಡೆ ಎನ್ನುವುದಿಲ್ಲ, ‘ಪೋರ್ಟ್ ಸೈಡು’ ಎನ್ನುತ್ತಾರೆ. ನಮ್ಮ ತಾತಂದಿರ ಕಾಲದಲ್ಲಿ ಸಮುದ್ರ ದಾಟಿ ಬಂದವರಿಗೆ ಕೆಲವು ಮನೆತನಗಳಲ್ಲಿ ಪ್ರಾಯಶ್ಚಿತ್ತ ಮಾಡಿಸುತ್ತಿದ್ದರಂತೆ. ಶಿಂಷೆ ದಾಟಿ ಮದ್ದೂರು ಸಂತೆಗೆ ಹೋಗಿಬರುವುದೇ ದೊಡ್ಡ ಯಾನವಾಗಿದ್ದ ನಮ್ಮ ಕಡೆಯ ಬೇಸಾಯಗಾರರಿಗೆ ಆ ಭಯವಿರಲಿಲ್ಲ ಬಿಡಿ. ಆದರೆ ಈಗ ನೋಡಿ, ಸಮುದ್ರ ದಾಟದೆ ಉಳಿದವನೇ ಪಾಪಿ. ಅವನು ದಿನವೂ ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ನಿಂತು ದಾಟಿ ಬಂದವರ ಫೋಟೊ ನೋಡಬೇಕು. ಮುನ್ನೂರು ಫೋಟೊ ನೋಡಿದ ಮೇಲೆ ನಾನೂ ಹೊರಡುವುದೆಂದು ತೀರ್ಮಾನಿಸಿದೆ.

ಮನೆಗೆ ಬಂದು ಹೇಳಿದಾಗ ಭಾಗ್ಯ ಹುರುಳಿಕಾಯಿ ಸೋಸುತ್ತಿದ್ದಳು. ನಮ್ಮ ಮನೆ ಇರುವುದು ಬಸ್‌ ಸ್ಟ್ಯಾಂಡಿಗೂ ಆಸ್ಪತ್ರೆಗೂ ನಡುವೆ. ಮದ್ದೂರು ಕಡೆಯ ಕೊಪ್ಪದ ಅವಳ ತವರಿನವರು, ನನ್ನ ಊರಿನವರು, ಆ ಊರಿನವರ ಬೀಗರು, ರಕ್ತ ಪರೀಕ್ಷೆಗೆ ಬಂದವರು, ಪಹಣಿ ತಿದ್ದಿಸಲು ಬಂದವರು, ಎಲ್ಲರೂ ‘ಇಲ್ಲೇ ಬಂದಿದ್ದೋ’ ಎಂದು ಒಳಗೆ ಬರುತ್ತಾರೆ. ಬಂದವರು ಊಟ ಮಾಡದೆ ಹೋಗುವ ಹಾಗಿಲ್ಲ. ಮೂವತ್ತು ವರ್ಷದಲ್ಲಿ ಅವಳು ಒಲೆಯ ಮುಂದಿನಿಂದ ಎದ್ದದ್ದೇ ಕಡಿಮೆ. ಹುರುಳಿಕಾಯಿ ಬದಿಗಿಟ್ಟು ಅವಳು ಹೇಳಿದ್ದಿಷ್ಟೇ:

“ನಂಗೆ ಗುಡಿ ಗೋಪುರ, ಅಂಗಡಿ ಮುಂಗಟ್ಟು ಏನೂ ಬ್ಯಾಡ. ಒಂದ್ ಗಂಟೆ ನೀರಿಗೆ ಕಾಲ್ ಬುಟ್ಕೊಂಡು ಸಮುದ್ರದ್ ಮುಂದೆ ಸುಮ್ಕೆ ಕೂತ್ಕಬೇಕು. ಯಾರೂ ನನ್ನ ಒಂದ್ ಲೋಟ ನೀರೂ ಕೇಳ್ಬಾರ್ದು. ಅಷ್ಟೇಯ.”

ಸುಮ್ಮನೆ ಕೂರುವುದಕ್ಕೆ ಪಾಸ್‌ಪೋರ್ಟು ಯಾಕೆ, ನಮ್ಮ ಜಗುಲಿ ಇಲ್ಲವೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆ ಮಟ್ಟಿಗೆ ನಾನು ಒಳ್ಳೆಯ ಗಂಡ.

ನಮ್ಮ ಹಡಗು ಸಿಂಗಪುರದಿಂದ ಹೊರಟು ಪೆನಾಂಗಿನಲ್ಲಿ ಒಂದು ದಿನ, ಫುಕೆಟ್‌ನಲ್ಲಿ ಒಂದು ದಿನ ನಿಲ್ಲುವುದೆಂದಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಇಳಿದರೆ ಸಂಜೆ ಐದರೊಳಗೆ ವಾಪಸು ಹತ್ತಬೇಕು. ಎಂಟು ಗಂಟೆ, ಅಂದರೆ ಶಾಲೆಯ ದಿನಕ್ಕಿಂತ ಒಂದು ಪೀರಿಯಡ್ ಜಾಸ್ತಿ. ನನ್ನ ಕೈ ನವೆಯತೊಡಗಿತು. ಅಳತೆ ಪಟ್ಟಿ, ಕೆಂಪು ಪೆನ್ನು, ನೀಲಿ ಪೆನ್ನು ಹೊರಬಂದವು. ಪೆನಾಂಗಿಗೆ ಹನ್ನೊಂದು ಜಾಗ, ಫುಕೆಟ್‌ಗೆ ಹನ್ನೆರಡು. ಬೆಟ್ಟದ ರೈಲಿಗೆ ಐವತ್ತು ನಿಮಿಷ, ಬುದ್ಧನಿಗೆ ಇಪ್ಪತ್ತು, ಮಲಗಿದ ಬುದ್ಧನಾದರೆ ಇಪ್ಪತ್ತೈದು. ಮೂತ್ರಕ್ಕೆ ಎರಡು ಕಡೆ ಐದೈದು ನಿಮಿಷ. ಭಾಗ್ಯಳ ಸಮುದ್ರವನ್ನು ಮರೆಯಲಿಲ್ಲ. ಫುಕೆಟ್‌ನ ಖಾನೆಯಲ್ಲಿ, ಕೊನೆಯಲ್ಲಿ, ನೀಲಿ ಪೆನ್ನಿನಿಂದಲೇ ಬರೆದೆ: ‘ಸಮುದ್ರ, 4.10ರಿಂದ 4.25.’

ಅವಳು ಕನ್ನಡಕ ಹಾಕಿಕೊಂಡು ಅದನ್ನು ಓದಿದಳು. ಕನ್ನಡಕ ತೆಗೆದಳು. ಸಾರಿಗೆ ಒಗ್ಗರಣೆ ಹಾಕಲು ಹೋದಳು.

ಮೈದಾನದ ಹಿರಿಯರು ಎಚ್ಚರಿಕೆ ಕೊಟ್ಟರು: ಹಡಗು ಯಾರಿಗೂ ಕಾಯುವುದಿಲ್ಲ, ತಡವಾದರೆ ಬಿಟ್ಟೇ ಹೋಗುತ್ತದೆ. ನಾನು ನಕ್ಕೆ. ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತ ಎರಡು ನಿಮಿಷದಲ್ಲಿ ಇಳಿದು, ನಾಲ್ಕು ವಡೆ ಕಟ್ಟಿಸಿಕೊಂಡು, ಚಿಲ್ಲರೆಗೆ ಜಗಳವಾಡಿ, ಹೊರಟ ರೈಲಿಗೆ ಹತ್ತಿದವನು ನಾನು. ಎಂಟು ಗಂಟೆ ನಿಲ್ಲುವ ಹಡಗು ನನ್ನನ್ನು ಬಿಟ್ಟು ಹೋಗುತ್ತದೆಯೇ?

ಜೊತೆಗೆ ಕೊಪ್ಪದಿಂದ ಭಾಗ್ಯಳ ತಮ್ಮ ಲಿಂಗರಾಜು ಹೊರಟ. ಆರು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವನು. ಒಂದು ವಾರ ಹಸುಗಳನ್ನು ಹೆಂಡತಿಗೆ ಒಪ್ಪಿಸಿ, ಐದು ಕಿಲೋ ರಾಗಿಹಿಟ್ಟು ಹೊತ್ತುಕೊಂಡು ಬಂದ. ಹಡಗಿನ ಕೋಣೆಯಲ್ಲಿ ಒಲೆ ಇರುವುದಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. “ಇರ್ಲಿ ಬುಡಿ ಭಾವ, ಇಟ್ಟು ಕೊಳ್ತೋಯ್ತದಾ?” ಎಂದ.

ಹಡಗಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಮಾತ್ರ ಹೇಳಲೇಬೇಕು. ಮೊದಲ ದಿನ ಬೆಳಿಗ್ಗೆ ಮೇಲಿನ ಅಂತಸ್ತಿಗೆ ಹೋದರೆ, ಈಜುಕೊಳದ ಸುತ್ತ ಸಾಲಾಗಿ ಹಾಕಿದ್ದ ಆರಾಮಕುರ್ಚಿಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ, ಆದರೆ ಒಂದೂ ಖಾಲಿ ಇಲ್ಲ. ಎಲ್ಲದರ ಮೇಲೂ ಟವೆಲ್ಲು. ಬಿಳಿಯರು ಬೆಳಗಾಗುವ ಮುಂಚೆ ಬಂದು ಟವೆಲ್ ಹಾಕಿ ಸೀಟು ಹಿಡಿದು, ತಿಂಡಿ ತಿನ್ನಲು ಹೋಗಿದ್ದರು. ನನಗೆ ಕಣ್ಣು ತುಂಬಿ ಬಂತು. ಮಳವಳ್ಳಿ ಬಸ್‌ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನಾಗರಿಕತೆ ಇಲ್ಲದವರ ಕೆಲಸವೆಂದು ಇಷ್ಟು ವರ್ಷ ಮಕ್ಕಳಿಗೆ ನೀತಿಬೋಧೆ ಮಾಡಿದ್ದೆ. ಮಾರನೆಯ ದಿನ ಐದಕ್ಕೇ ಎದ್ದು ಕೆಂಪಂಚಿನ ನನ್ನ ಟವೆಲ್ಲು ಹಾಕಿ ಬಂದೆ.

ಪೆನಾಂಗಿನ ಹಿಂದಿನ ದಿನ ಲಿಂಗರಾಜು ನಿಧಾನವಾಗಿ ಮಾತು ತೆಗೆದ. ಅವರ ದೊಡ್ಡಪ್ಪನ ಮೊಮ್ಮಗಳು ಪವಿತ್ರ ಅಲ್ಲಿದ್ದಾಳೆ. ಗಂಡ ಮಹೇಶ ಕೈಗವಸು ಮಾಡುವ ಕಾರ್ಖಾನೆಯಲ್ಲಿದ್ದಾನೆ. ಫೋನ್ ಮಾಡಿ ಹೇಳಿಯೂ ಆಗಿದೆ.

“ಆ ಊರ್ಗೋಗಿ ಅವರ್ ಮನೆಗೋಗ್ದೆ ಬಂದ್ರೆ ಅಳ್ಳೀಲಿ ಮಕ ತೋರ್ಸೋಕಾಯ್ತದಾ ಭಾವ? ಬರೀ ಕಾಪಿ ಕುಡ್ಕೊಂಡು ಎದ್ ಬುಡೋಣ.”

ಇಲ್ಲಿ ನಾನು ಎಡವಿದೆ. ಹುಟ್ಟಿ ಬೆಳೆದದ್ದು ಇದೇ ಜಿಲ್ಲೆಯಲ್ಲಿ. ‘ಬರೀ ಕಾಪಿ’ ಎಂದರೆ ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಟೈಮ್‌ಟೇಬಲ್ಲಿನಲ್ಲಿ ಎರಡನೆಯ ಬುದ್ಧನನ್ನು ಹೊಡೆದುಹಾಕಿ, ‘ಪವಿತ್ರ, ಕಾಫಿ, 20 ನಿಮಿಷ’ ಎಂದು ಬರೆದೆ.

ಪವಿತ್ರಳ ಮನೆ ಬಾಗಿಲಲ್ಲಿ ನೀರಿನ ಚೊಂಬು ಕೊಟ್ಟಾಗಲೇ ಒಳಗಿನಿಂದ ಬಾಡಿನ ಘಮ ಬಂತು. ಹೆಜ್ಜೆ ಒಳಗಿಡುವುದಕ್ಕೂ ಗಡಿಯಾರ ಹತ್ತು ಹೊಡೆಯುವುದಕ್ಕೂ ಸರಿಹೋಯಿತು. ಪವಿತ್ರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಸಾಲೆ ಅರೆದಿದ್ದಳು. ಲಿಂಗರಾಜು ಚೀಲದಿಂದ ರಾಗಿಹಿಟ್ಟು ತೆಗೆದು ಅವಳ ಕೈಗಿಟ್ಟಾಗ ಆ ಹುಡುಗಿಯ ಮುಖ ನೋಡಬೇಕಿತ್ತು. ಒಂದು ವರ್ಷದಿಂದ ಕಂಡಿರಲಿಲ್ಲವಂತೆ. ನಾನು ವಾಚು ನೋಡಿಕೊಂಡೆ.

“ಮಾವ, ಅದ್ಯಾಕಂಗೆ ವಾಚ್ ನೋಡ್ಕತೀರಿ? ಎಂಟು ಗಂಟೆ ಅದೆಯಂತಲ್ಲ. ಇಟ್ಟು ತೊಳ್ಸೋಗಂಟ ಒಸಿ ಕೂತ್ಕಳಿ” ಎಂದಳು. ಏಳಲು ಹೋದ ಭಾಗ್ಯಳನ್ನು ಭುಜ ಹಿಡಿದು ಕೂರಿಸಿ, “ಅತ್ತೆ, ನೀವ್ ಅಡ್ಗೆಮನೇಗ್ ಬಂದ್ರೆ ನನ್ ಮೇಲಾಣೆ” ಎಂದಳು.

ಉಂಡೆವು. ಹಡಗಿನಲ್ಲಿ ಮೂರು ದಿನ ಹೆಸರು ಗೊತ್ತಿಲ್ಲದ ಎಲೆ ತಿಂದಿದ್ದ ನಾಲಿಗೆಗೆ ಬಿಸಿ ಮುದ್ದೆ, ಕೋಳಿ ಸಾರು. ಎರಡನೆಯ ಮುದ್ದೆ ಬೇಡವೆಂದದ್ದು ನನಗೆ ನೆನಪಿದೆ. ಅದನ್ನು ಉಂಡದ್ದೂ ನೆನಪಿದೆ. ಆಮೇಲೆ ದಿವಾನದ ಮೇಲೆ ಒರಗಿಕೊಂಡದ್ದಷ್ಟೇ ಗೊತ್ತು.

ಎಚ್ಚರವಾದಾಗ ಮೂರೂವರೆ. ಪಕ್ಕದಲ್ಲಿ ಲಿಂಗರಾಜು ಗೊರಕೆ ಹೊಡೆಯುತ್ತಿದ್ದ. ಭಾಗ್ಯ ಕುರ್ಚಿಯಲ್ಲಿ ಕೂತಿದ್ದಳು. ಅವಳ ಸೀರೆಯ ಅಂಚು ಒದ್ದೆಯಾಗಿತ್ತು. ಕೊನೆಗೂ ಪಾತ್ರೆ ತೊಳೆಯಲು ಎದ್ದಳಲ್ಲ ಎಂದುಕೊಂಡೆ. ಹನ್ನೊಂದು ಜಾಗಗಳಲ್ಲಿ ಒಂದನ್ನೂ ನೋಡಿರಲಿಲ್ಲ. ಹೊರಡೋಣವೆಂದರೆ ಮಹೇಶ ಮನೆಯಲ್ಲಿಲ್ಲ. ತೆಂಗಿನಕಾಯಿ ಹುಡುಕಲು ಹೋಗಿದ್ದಾನಂತೆ.

ತವರಿನ ಹೆಣ್ಣುಮಗಳು ಮನೆಗೆ ಬಂದರೆ ಬರಿಮಡಿಲಲ್ಲಿ ಕಳಿಸುವ ಹಾಗಿಲ್ಲ. ಅಕ್ಕಿ, ಬೆಲ್ಲ, ರವಿಕೆ ಕಣ, ಕಾಯಿ ಇಟ್ಟು ಮಡಿಲು ತುಂಬಬೇಕು. ಕಾಯಿಗೆ ಜುಟ್ಟಿರಬೇಕು. ಪೆನಾಂಗಿನ ಅಂಗಡಿಯವರಿಗೆ ಇದು ಗೊತ್ತಿಲ್ಲದೆ ಎಲ್ಲ ಕಾಯಿಗೂ ನುಣ್ಣಗೆ ಕ್ಷೌರ ಮಾಡಿಟ್ಟಿದ್ದರು. ನಾಲ್ಕು ಅಂಗಡಿ ಅಲೆದು ಜುಟ್ಟಿನ ಕಾಯಿ ಹಿಡಿದು ಮಹೇಶ ಬಂದಾಗ ನಾಲ್ಕು ಗಂಟೆ. ಮಡಿಲು ತುಂಬಿ, ಕಾಲಿಗೆ ಬಿದ್ದು, ಕಣ್ಣು ಒರೆಸಿಕೊಂಡು, ಬಾಗಿಲಲ್ಲಿ ನಿಂತು ಊರಿನವರನ್ನೆಲ್ಲ ಹೆಸರು ಹೇಳಿ ವಿಚಾರಿಸಿ ಮುಗಿಯುವಾಗ ನಾಲ್ಕೂ ಇಪ್ಪತ್ತು.

ಹಡಗುಕಟ್ಟೆಯಲ್ಲಿ ಓಡಿದೆವು. ಮದ್ದೂರಿನಲ್ಲಿ ರೈಲು ಹತ್ತಿದ ಮಂಡಿಗಳು ಬೇರೆ, ಇವೇ ಬೇರೆ ಎಂದು ಆಗ ತಿಳಿಯಿತು. ಮೇಲಿನ ಅಂತಸ್ತುಗಳಲ್ಲಿ ಸಾಲಾಗಿ ನಿಂತ ಜನ ಚಪ್ಪಾಳೆ ತಟ್ಟುತ್ತಿದ್ದರು, ಕೆಲವರು ವಿಡಿಯೊ ಮಾಡುತ್ತಿದ್ದರು. ಬಾಗಿಲಲ್ಲಿ ಕಾವಲಿನವನು ಕಾಯಿಯನ್ನು ಯಂತ್ರದೊಳಗೆ ಎರಡು ಸಲ ಹಾಯಿಸಿ, ಜುಟ್ಟು ಹಿಡಿದು ಎತ್ತಿ ನೋಡಿ, ಇದನ್ನು ಒಳಗೆ ಬಿಡುವುದಿಲ್ಲವೆಂದು ತಲೆಯಾಡಿಸಿದ. “ಅರಿಸಿನ ಕುಂಕ್ಮ ಇಕ್ಕಿರ ಕಾಯಿ ಕಣಪ್ಪ ಅದು” ಎಂದು ಲಿಂಗರಾಜು ಅವನಿಗೆ ಅಚ್ಚ ಕನ್ನಡದಲ್ಲಿ ತಿಳಿಸಿ ಹೇಳಿದ.

“ಬುಡ್ಲಾ” ಎಂದಳು ಭಾಗ್ಯ. “ಮಡ್ಲಿಗೆ ಬಿದ್ದಾಯ್ತಲ್ಲ, ಇನ್ನ ಅವ್ನೇ ಚಟ್ನಿ ಮಾಡ್ಕಳ್ಲಿ.”

ಆ ರಾತ್ರಿ ನಾನು ಫುಕೆಟ್‌ನ ಟೈಮ್‌ಟೇಬಲ್ಲನ್ನು ಮತ್ತೆ ಬಿಗಿಗೊಳಿಸಿದೆ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ ಮಾತಾಡಿದ. ಅಲ್ಲಿ ದೊಡ್ಡ ಹಡಗು ದಡಕ್ಕೆ ಹೋಗುವುದಿಲ್ಲ, ಸಣ್ಣ ದೋಣಿಗಳಲ್ಲಿ ಇಳಿಯಬೇಕು. ಅಲೆ ಜೋರಾಗಿರುವುದರಿಂದ ದೋಣಿ ಇಳಿಸುವಂತಿಲ್ಲ. ಹಡಗು ನಿಲ್ಲದೆ ಸಿಂಗಪುರಕ್ಕೆ ಹೊರಟಿದೆ.

ಹನ್ನೆರಡು ಜಾಗ ಹೋದದ್ದಕ್ಕೆ ಕೋಪ ಬಂತು. ಆಮೇಲೆ ಕೊನೆಯ ಖಾನೆಯ ಮೇಲೆ ಕಣ್ಣು ಹೋಯಿತು: ‘ಸಮುದ್ರ, 4.10ರಿಂದ 4.25.’ ನಿಜ ಹೇಳುತ್ತೇನೆ, ನಾಚಿಕೆಯಾಯಿತು. ಮೂವತ್ತು ವರ್ಷಕ್ಕೆ ಒಂದು ಗಂಟೆ ಕೇಳಿದವಳಿಗೆ ನಾನು ಹದಿನೈದು ನಿಮಿಷ ಬರೆದಿದ್ದೆ. ಅದೂ ಈಗ ಇಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ನೀರೇ ನೀರು, ಅವಳ ಕಾಲಿಗೆ ತಾಗಿಸಲು ಒಂದು ಹನಿ ಇಲ್ಲ.

ಮೇಲೆ ಹೋಗಿ ನೋಡಿದರೆ ನನ್ನ ಕೆಂಪಂಚಿನ ಟವೆಲ್ಲಿನ ಮೇಲೆ ಅವಳು ಆರಾಮವಾಗಿ ಕೂತಿದ್ದಳು. ಪಕ್ಕದಲ್ಲಿ ನಿಂತು, “ತಪ್ಪಾಯ್ತು ಕಣೆ, ನಿನ್ನ ಸಮುದ್ರ ಆಗಲೇ ಇಲ್ಲ” ಎಂದೆ.

“ಆಯ್ತಲ್ಲ” ಎಂದಳು.

“ಯಾವಾಗ?”

“ನೆನ್ನೆ. ಪವಿತ್ರನ ಮನೆ ಇಂದ್ಗಡೆ ಮೆಟ್ಲಿಳುದ್ರೆ ಸಮುದ್ರನೇಯ. ನೀವ್ ಉಂಡು ಮಲೀಕೊಂಡ್ರಲ್ಲ, ಆಗ ಅಲ್ಲಿಗೋದೆ. ನೀವ್ ಏಳೋಕ್ ಒಸಿ ಮುಂಚೆಗಂಟ ಕಾಲ್ ಬುಟ್ಕೊಂಡು ಕೂತಿದ್ದೆ. ಒಂದಲ್ಲ, ಎರಡು ಗಂಟೆ. ಒಂದ್ ನರಪಿಳ್ಳೆನೂ ನನ್ನ ಏನೂ ಕೇಳ್ನಿಲ್ಲ.”

“ನನಗೆ ಹೇಳಲೇ ಇಲ್ಲವಲ್ಲ!”

“ಯೋಳಿದ್ರೆ ಪೆನ್ನು ತಗೀತಿದ್ರಿ.”

ನಾನು ಅವಳ ಪಕ್ಕದ ಕುರ್ಚಿಗಾಗಿ ನೋಡಿದೆ. ಅದರ ಮೇಲೆ ಯಾರದೋ ಟವೆಲ್ಲಿತ್ತು. ನಿಂತೇ ಇದ್ದೆ.

ಊರಿಗೆ ಬಂದ ಮೇಲೆ ಮೈದಾನದಲ್ಲಿ ನಾನು ಏನು ಹೇಳಿದೆ ಎಂದು ಕೇಳಬೇಡಿ. ಇಪ್ಪತ್ತಮೂರು ಜಾಗಗಳೂ ನನಗೆ ನಿಮಿಷ ಸಮೇತ ಬಾಯಿಪಾಠವಾಗಿದ್ದವು. ಎಲ್ಲರೂ ಬೆರಗಾಗಿ ಕೇಳಿದರು. ಹನಕೆರೆಯವರೂ ತಲೆದೂಗಿದ್ದು ನೋಡಿದರೆ, ಅವರೂ ಎಲ್ಲೋ ಮುದ್ದೆ ಉಂಡು ಮಲಗಿ ಬಂದವರೇ ಇರಬೇಕೆಂದು ನನ್ನ ಗುಮಾನಿ. ಸಮುದ್ರಕ್ಕೆ ಕಾಲಿಡದೆ ಸಮುದ್ರಯಾನ ಮುಗಿಸಿದವನು ನಮ್ಮ ಮನೆಯಲ್ಲಿ ನಾನೊಬ್ಬನೇ ಎನ್ನುವುದನ್ನು ಮಾತ್ರ ಅಲ್ಲಿ ಹೇಳಲಿಲ್ಲ.

ಹೋದ ತಿಂಗಳು ಎದುರುಮನೆಯ ಪುಟ್ಟಸ್ವಾಮಿಯವರು ತಾವೂ ಹಡಗು ಹತ್ತುವುದಾಗಿ ಹೇಳಿ, ಬಂದರಿನ ದಿನಕ್ಕೆ ಒಂದು ಟೈಮ್‌ಟೇಬಲ್ ಹಾಕಿಕೊಡಬೇಕೆಂದು ಬಂದರು. ಹಾಕಿಕೊಟ್ಟೆ. ಮಧ್ಯಾಹ್ನ ಎರಡರಿಂದ ಮೂರರವರೆಗಿನ ಖಾನೆಯ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು. ಜನ್ಮದಲ್ಲಿ ಮೊದಲ ಸಲ ಒಂದು ಖಾನೆಯನ್ನು ಖಾಲಿ ಬಿಟ್ಟೆ.

ಎರಡೇ ದಿನಕ್ಕೆ ಅವರು ಕಾಗದ ಹಿಡಿದು ವಾಪಸು ಬಂದರು. “ಮೇಷ್ಟ್ರೇ, ಇಲ್ಲೊಂದು ಕಾಲಿ ಬುಟ್ಬುಟ್ಟಿದ್ದೀರಿ. ಮರ್ತೋಯ್ತಾ?”

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಭಾಗ್ಯಳ ದನಿ ಬಂತು: “ಮರ್ತಿಲ್ಲ ಕಣಣ್ಣ. ಈಗ ಕಲ್ತವ್ರೆ.”

ಪುಟ್ಟಸ್ವಾಮಿಯವರು ನನ್ನ ಮುಖ ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಆಮೇಲೆ ನನ್ನ ಜೇಬಿನ ಪೆನ್ನನ್ನೇ ತೆಗೆದುಕೊಂಡು, ಆ ಖಾನೆಯಲ್ಲಿ ‘ಶಾಪಿಂಗ್’ ಎಂದು ಬರೆದು, ಕಾಫಿ ಕುಡಿದು ಹೋದರು.