ಟ್ರ್ಯಾಕ್ಟರ್ ಮೂತಿಯ ಮೇಲೆ ವಿಜ್ಞಾನ ಟೀಚರ್

ಟ್ರೇಲರ್ ತುಂಬ ಕಬ್ಬು ಎಳೆದುಕೊಂಡು ಏರು ಹತ್ತುತ್ತಿದ್ದ ಟ್ರ್ಯಾಕ್ಟರಿನ ಮುಂದಿನ ಎರಡೂ ಗಾಲಿಗಳು ಕುದುರೆ ಕಾಲೆತ್ತಿದ ಹಾಗೆ ಮೇಲೆದ್ದವು! ಡ್ರೈವರ್ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಇದೇ ಆಟ. ಹಾರೂಗೇರಿಯ ವಿಜ್ಞಾನ ಪ್ರದರ್ಶನಕ್ಕೆ ಹೊರಟಿದ್ದ ನಾನು ಮತ್ತು ನನ್ನ ಒಂಬತ್ತನೇ ತರಗತಿಯ ಹುಡುಗಿಯರು, ಹಿಂದೆ ಸಿಕ್ಕಿಕೊಂಡ ಬಸ್ಸಿನಿಂದ ಇಳಿದು ಬಂದೆವು.

“ಹಿಂದ ಭಾರ ಜಾಸ್ತಿ ಆಗೇತ್ರಿ! ಯಾರರ ಗಟ್ಟಿಮುಟ್ಟ ಇದ್ದವ್ರು ಮುಂದ ಬಂದು ಕುಂದರ್ರಿ!” ಎಂದು ಡ್ರೈವರ್ ಕೂಗಿದ. ಬಸ್ಸಿನ ತುಂಬ ಗಂಡಸರಿದ್ದರೂ ಹುಡುಗಿಯರೆಲ್ಲ ನನ್ನನ್ನೇ ನೋಡಿದರು.

ಸೆರಗು ಸಿಕ್ಕಿಸಿ, ಕಾದ ಬಾನೆಟ್ ಮೇಲೆ ಕಬ್ಬಿನ ಒಣ ಎಲೆಗಳ ರವದಿ ಹಾಸಿ ಕೂತೇಬಿಟ್ಟೆ. ಗಾಲಿಗಳು ಮತ್ತೆ ಎದ್ದವು, ನನ್ನನ್ನೂ ಎತ್ತಿಕೊಂಡು! ಆಗ ನನ್ನ ಪಾಠದಲ್ಲಿ ದಿನಾ ತೂಕಡಿಸುವ ರೇಷ್ಮಾ ಚೀರಿದಳು: “ಟೀಚರ್, ಇನ್ನೂ ಮುಂದ ಸರೀರಿ! ಹಿಂದಿನ ಗಾಲಿಯಿಂದ ದೂರ ಹೋದಂಗ ನಿಮ್ಮ ಭಾರದ ಜೋರ ಹೆಚ್ಚಾಗ್ತೈತ್ರಿ!”

ಮೂತಿಯ ತುದಿಗೆ ಸರಿದೆ. ತೂಕ ಅದೇ, ಜಾಗ ಮಾತ್ರ ಬೇರೆ. ಗಾಲಿಗಳು ಧೊಪ್ಪನೆ ನೆಲ ಹಿಡಿದವು. ಕೇಕೆ, ಚಪ್ಪಾಳೆಗಳ ನಡುವೆ ಏರು ಮುಗಿಯುವವರೆಗೂ ಕುದುರೆ ಮೇಲಿನ ಮದುಮಗನಂತೆ ಕೂತಿದ್ದೆ.

ಮುಂದಿನ ಪರೀಕ್ಷೆಯಲ್ಲಿ ಬಲಗಳ ಸಮತೋಲನಕ್ಕೆ ಉದಾಹರಣೆ ಕೇಳಿದೆ. ಪುಸ್ತಕದ ತಕ್ಕಡಿಯನ್ನು ಒಬ್ಬಳೂ ಬರೆಯಲಿಲ್ಲ. ಎಲ್ಲರೂ ಟ್ರ್ಯಾಕ್ಟರ್ ಬಿಡಿಸಿ, ಅದರ ಮೂತಿಯ ಮೇಲೆ ಸೀರೆಯುಟ್ಟವಳನ್ನು ಕೂರಿಸಿ, ಅವಳ ಭಾರ ತೋರಿಸಲು ಕೆಳಮುಖವಾಗಿ ಬಾಣ ಎಳೆದಿದ್ದರು. ಬಲ ಹೆಚ್ಚಿದಷ್ಟೂ ಬಾಣ ಉದ್ದವಿರಬೇಕೆಂದು ಕಲಿಸಿದವಳು ನಾನೇ. ರೇಷ್ಮಾಳ ಬಾಣ ಹಾಳೆಯ ಅಂಚು ದಾಟಿ ಹಿಂಬದಿಗೂ ಇಳಿದಿತ್ತು. ಪೂರ್ತಿ ಅಂಕ ಕೊಟ್ಟೆ.